ತುಂಗತ್ತೆಯ ಉತ್ತರಣೆ ಕಡ್ಡಿ

ಹೋದ ವರ್ಷ ಗಣೇಶನ ಹಬ್ಬಕ್ಕೆ ಶಿವಮೊಗ್ಗದ ಮಗಳ ಮನೆಗೆ ಹೋಗಿದ್ದೆ. ಅವಳ ಮನೆ ರಾಗಿಗುಡ್ಡದ ಹತ್ತಿರ. ಹಬ್ಬದ ಮರುದಿನ ಎಲ್ಲರೂ ಉಂಡು ಮಲಗಿದ್ದಾಗ ಆಟೋ ಹಿಡಿದು ಒಬ್ಬಳೇ ಕೋಟೆಯ ಕಡೆ ಹೋದೆ. ಸೋದರಮಾವನ ಮನೆಯಿದ್ದ ಜಾಗವನ್ನು ಒಮ್ಮೆ ನೋಡಬೇಕೆನ್ನಿಸಿತ್ತು. ಮನೆ ಮಾರಿ ಎಷ್ಟೋ ಕಾಲವಾಗಿದೆ. ಈಗ ಅಲ್ಲಿ ಮೂರು ಮಹಡಿಯ ಕಟ್ಟಡ, ಎದುರಿಗೆ ‘ಲೇಡೀಸ್ ಪಿ.ಜಿ.’ ಎಂಬ ಬೋರ್ಡು. ಪಕ್ಕದ ಓಣಿಯ ಹುಲ್ಲಿನಲ್ಲಿ ಕಾಲಿಟ್ಟು ಹಿಂದಕ್ಕೆ ಹೋಗಿ ಇಣುಕಿದೆ. ಬಾವಿಗೆ ಚಪ್ಪಡಿ ಎಳೆದಿದ್ದಾರೆ. ಬಟ್ಟೆ ಒಗೆಯುವ ಕಲ್ಲು ಮಾತ್ರ ಇದ್ದಲ್ಲೇ ಇದೆ, ಅದರ ಮೇಲೆ ಯಾರದೋ ಬಿಳಿ ಶೂ ಒಣಗುತ್ತಿತ್ತು.

ಕಿವಿಗೆ ವೈರು ಸಿಕ್ಕಿಸಿಕೊಂಡಿದ್ದ ಒಬ್ಬ ಹುಡುಗಿ ಹೊರಗೆ ಬಂದಳು.

“ಯಾರು ಬೇಕಿತ್ತು ಅಜ್ಜಿ?”

“ಯಾರೂ ಬೇಡ ಕಣಮ್ಮ. ನಾನೂ ಇಲ್ಲೇ ಇದ್ಕೊಂಡು ಓದಿದೋಳು.”

“ಹೌದಾ? ಆಗ್ಲೂ ಇದು ಪೀಜಿ ಆಗಿತ್ತಾ?”

“ಒಂಥರಾ ಹಂಗೇ ಅನ್ನು” ಎಂದೆ.

ಆಟೋದಲ್ಲಿ ಕೂತ ಮೇಲೆ ನೋಡಿಕೊಂಡರೆ ಸೀರೆಯ ಅಂಚಿನ ತುಂಬ ಉತ್ತರಣೆಯ ಬೀಜ. ಮಳೆಗಾಲದ ಕೊನೆಗೆ ಓಣಿ, ಬೇಲಿ, ಹಾಳುಗೋಡೆ ಎಲ್ಲೆಂದರಲ್ಲಿ ಬೆಳೆಯುವ ಗಿಡ. ಹತ್ತಿರ ಹೋದವರ ಬಟ್ಟೆ ಕಚ್ಚಿಕೊಂಡರೆ ಕೊಡವಿದರೂ ಬೀಳುವುದಿಲ್ಲ. ಅದನ್ನು ಕಂಡದ್ದೇ ನನಗೆ ಮುಖ ಬಿಸಿಯಾಯಿತು. ಎಂಬತ್ತು ದಾಟಿದ ಮುದುಕಿ, ಆಟೋದಲ್ಲಿ ಒಬ್ಬಳೇ ಕೂತು ನಾಚಿಕೆಯಿಂದ ಕೆಂಪಾದೆ ಎಂದರೆ ಯಾರು ನಂಬುತ್ತಾರೆ?

ನಾನು ಪಿ.ಯು.ಸಿ. ಓದಲು ಶಿವಮೊಗ್ಗಕ್ಕೆ ಬಂದದ್ದು ಐವತ್ತರ ದಶಕ ಮುಗಿಯುತ್ತಿದ್ದ ಹೊತ್ತಿನಲ್ಲಿ. ಆಗ ಪಿ.ಯು.ಸಿ. ಒಂದೇ ವರ್ಷದ್ದು, ಪರೀಕ್ಷೆ ಮೈಸೂರಿನ ವಿಶ್ವವಿದ್ಯಾನಿಲಯದ್ದು. ಆ ಒಂದು ವರ್ಷ ದಾಟಿದರೆ ಡಿಗ್ರಿ, ದಾಟದಿದ್ದರೆ ಮದುವೆ. ನಡುವೆ ಬೇರೆ ದಾರಿಯಿರಲಿಲ್ಲ. ನಮ್ಮ ಮನೆಯಿದ್ದದ್ದು ಭದ್ರಾವತಿಯ ಜನ್ನಾಪುರದಲ್ಲಿ. ಅಪ್ಪ ಕಬ್ಬಿಣದ ಕಾರ್ಖಾನೆಯ ಟೈಮ್ ಆಫೀಸಿನಲ್ಲಿ ಗುಮಾಸ್ತರು. ಗಂಡುಹುಡುಗರು ದಿನಾ ರೈಲಿನಲ್ಲಿ ಓಡಾಡಿ ಓದುತ್ತಿದ್ದರು, ಆದರೆ ಹೆಣ್ಣುಹುಡುಗಿಯನ್ನು ಹಾಗೆ ಕಳಿಸಲು ಅಪ್ಪನಿಗೆ ಧೈರ್ಯವಾಗಲಿಲ್ಲ. ಹುಡುಗಿಯರಿಗೆಂದು ಹಾಸ್ಟೆಲ್ ಆಗ ಇರಲಿಲ್ಲ. ಅಮ್ಮನ ಅಣ್ಣ ಕೋಟೆಯಲ್ಲಿದ್ದರು, ಸಂಸ್ಕೃತ ಪಾಠಶಾಲೆಯಲ್ಲಿ ಪಂಡಿತರು. ಜೂನ್ ತಿಂಗಳ ಒಂದು ಮಳೆಯ ಬೆಳಿಗ್ಗೆ ಅಪ್ಪ ನನ್ನನ್ನೂ ಒಂದು ಟ್ರಂಕನ್ನೂ ಅವರ ಜಗಲಿಯ ಮೇಲೆ ಇಳಿಸಿ ಡ್ಯೂಟಿಗೆ ಹೊತ್ತಾಯಿತೆಂದು ಓಡಿದರು.

ಮಾವನ ಹೆಂಡತಿಯೇ ತುಂಗತ್ತೆ. ಮಕ್ಕಳಿರಲಿಲ್ಲ. ತೆಳ್ಳಗೆ ಉದ್ದಕ್ಕಿದ್ದ, ಮಾತು ಕಡಿಮೆಯ ಹೆಂಗಸು. ಅವರ ಮಡಿಯೆಂದರೆ ಬೀದಿಗೇ ಹೆಸರಾದ ಮಡಿ. ನಲ್ಲಿಯ ಒಳಗೆ ಚರ್ಮದ ವಾಷರ್ ಇರುತ್ತದೆ ಎಂದು ನಲ್ಲಿ ನೀರು ಕುಡಿಯುತ್ತಿರಲಿಲ್ಲ. ಹಾಗೆಂದು ಕೆಟ್ಟವರಲ್ಲ. ನನಗೆ ತಲೆ ಬಾಚಿ ಜಡೆ ಹಾಕುತ್ತಿದ್ದರು, ಕಾಲೇಜಿನಿಂದ ಬರುವಷ್ಟರಲ್ಲಿ ಅವಲಕ್ಕಿಗೆ ಮೊಸರು ಕಲಸಿಡುತ್ತಿದ್ದರು.

ಆದರೆ ತಿಂಗಳಿಗೆ ಮೂರು ದಿನ ನಾನು ಆ ಮನೆಯವಳಲ್ಲ. ಹಿತ್ತಿಲಲ್ಲಿ ಬಚ್ಚಲುಮನೆಗೆ ಅಂಟಿಕೊಂಡ ಸಣ್ಣ ಕೋಣೆ, ಒಂದು ಗೋಣಿಚೀಲ, ಒಂದು ಚೊಂಬು, ಒಂದು ತಟ್ಟೆ. ಅತ್ತೆ ಊಟವನ್ನು ಒಗೆಯುವ ಕಲ್ಲಿನ ಮೇಲಿಟ್ಟು ಹಿಂದೆ ಸರಿಯುತ್ತಿದ್ದರು, ಆಮೇಲೆ ನಾನು ಎತ್ತಿಕೊಳ್ಳಬೇಕು. ಜನ್ನಾಪುರದಲ್ಲೂ ಅಮ್ಮ ‘ದೂರ’ ಕೂರುತ್ತಿದ್ದರು, ಆದರೆ ಎರಡೇ ಕೋಣೆಯ ಮನೆಯಲ್ಲಿ ದೂರವೆಂದರೆ ಎಷ್ಟು ದೂರ? ಬಾಗಿಲ ಪಕ್ಕ ಚಾಪೆಯ ಮೇಲೆ ಕೂತು ಅಪ್ಪನಿಗೆ ಹುಳಿಗೆ ಉಪ್ಪೆಷ್ಟು ಎಂದು ಹೇಳುತ್ತಿದ್ದರು. ಇಲ್ಲಿ ಹಾಗಲ್ಲ. ಪುಸ್ತಕ ಸರಸ್ವತಿ, ಮುಟ್ಟುವ ಹಾಗಿಲ್ಲ. ಕಾಲೇಜಿನ ಮಾತಂತೂ ಎತ್ತುವ ಹಾಗೇ ಇಲ್ಲ.

“ಪ್ರಾಕ್ಟಿಕಲ್ ಇದೆ ಅತ್ತೆ” ಎಂದು ಮೊದಲ ಸಲ ಬೇಡಿಕೊಂಡಿದ್ದೆ.

“ಊರಿನವರನ್ನೆಲ್ಲ ಮುಟ್ಟಿ ಬರ್ತೀಯ. ಆ ಪಾಪ ಯಾರ ತಲೆಗೆ? ಸುಮ್ನೆ ಕೂತ್ಕೊ” ಎಂದರು. ಸಿಟ್ಟಿನಿಂದಲ್ಲ, ಮಳೆ ಬರುತ್ತೆ ಕೊಡೆ ತಗೊ ಎನ್ನುವ ಧಾಟಿಯಲ್ಲಿ.

ಕಾಲೇಜಿನಲ್ಲಿ ನಮ್ಮ ಸೆಕ್ಷನ್ನಿಗೆ ಹುಡುಗಿಯರು ನಾಲ್ಕೇ ಜನ. ಹುಡುಗರೊಂದಿಗೆ ಕ್ಲಾಸಿನೊಳಗೆ ಕಾಯುವ ಪದ್ಧತಿಯಿರಲಿಲ್ಲ. ಗಂಟೆ ಹೊಡೆಯುವ ತನಕ ಲೇಡೀಸ್ ರೂಮಿನಲ್ಲಿ ಕೂತಿರಬೇಕು. ಲೆಕ್ಚರರು ಬಾಗಿಲ ಮುಂದೆ ಹಾದಾಗ ಎದ್ದು ಅವರ ಹಿಂದೆ ಸಾಲಾಗಿ ಹೋಗಿ ಮುಂದಿನ ಬೆಂಚಿನಲ್ಲಿ ಕೂರಬೇಕು, ಪಾಠ ಮುಗಿದ ಮೇಲೆ ಮತ್ತೆ ಅವರ ಹಿಂದೆಯೇ ಹೊರಗೆ. ತಾಯಿಕೋಳಿಯ ಹಿಂದೆ ಮರಿ ಹೋದ ಹಾಗೆ. ಹುಡುಗರು ‘ಕೊಕ್ ಕೊಕ್’ ಎನ್ನುತ್ತಿದ್ದರು. ನಮಗೆ ಅದು ರೂಢಿಯಾಗಿತ್ತು.

ನನ್ನ ಪಕ್ಕ ಕೂರುತ್ತಿದ್ದವಳು ಗಿರಿಜ, ಗಾಂಧಿ ಬಜಾರಿನ ಅಡಿಕೆ ಮಂಡಿಯವರ ಮಗಳು. ಅವಳಿಗೆ ಹೊರಗೆ ಕೂರುವ ಕಾಟವಿರಲಿಲ್ಲ. “ಲಿಂಗ ಕಟ್ಕೊಂಡೋರಿಗೆ ಆ ಮೈಲಿಗೆಯೆಲ್ಲ ಇಲ್ಲ ಅಂತಾಳೆ ನಮ್ಮಜ್ಜಿ. ನೀನೂ ಒಂದು ಕಟ್ಕೊಳ್ಳೇ ಮಾರಾಯ್ತಿ” ಎಂದು ನಗುತ್ತಿದ್ದಳು. ನಾನೂ ನಗುತ್ತಿದ್ದೆ, ಒಳಗೊಳಗೇ ಅವಳ ಮೇಲೆ ಹೊಟ್ಟೆಕಿಚ್ಚು.

ಕೆಮಿಸ್ಟ್ರಿಗೆ ಆ ವರ್ಷ ಹೊಸಬರು ಬಂದಿದ್ದರು, ವಾಸುದೇವ ಸರ್. ಇನ್ನೂ ಮದುವೆಯಾಗದ ಹುಡುಗ. ಚಿಕ್ಕಂದಿನಲ್ಲೇ ತಾಯಿಯನ್ನು ಕಳೆದುಕೊಂಡು ಹಾಸ್ಟೆಲುಗಳಲ್ಲೇ ಬೆಳೆದವರೆಂದು ಆಮೇಲೆ ಗೊತ್ತಾಯಿತು. ಪಾಠ ಮಾತ್ರ ಎಂಥ ಪಾಠ! ಉಪ್ಪು, ಸುಣ್ಣ, ತುಕ್ಕು, ಭದ್ರಾವತಿಯ ಕುಲುಮೆಯಲ್ಲಿ ಕರಗುವ ಅದಿರು, ಎಲ್ಲವನ್ನೂ ಮೇಜಿನ ಮೇಲೆ ತಂದಿಟ್ಟು ಮಾತಾಡಿಸುತ್ತಿದ್ದರು. ಅಪ್ಪ ದಿನಾ ಸೈರನ್ನಿಗೆ ಓಡಿಹೋಗುವ ಆ ಜಾಗದೊಳಗೆ ಏನು ನಡೆಯುತ್ತದೆಂದು ನನಗೆ ತಿಳಿದದ್ದು ಅವರಿಂದ. ನಾನೂ ಕೆಮಿಸ್ಟ್ರಿಯನ್ನೇ ಓದಿ ಪಾಠ ಮಾಡಬೇಕು ಎಂಬ ಆಸೆ ಹುಟ್ಟಿದ್ದು ಆ ಮುಂದಿನ ಬೆಂಚಿನಲ್ಲಿಯೇ.

ದಸರಾ ರಜೆಗೆ ಮುಂಚಿನ ಒಂದು ದಿನ ಅವರು ಹಾಜರಿ ಕರೆದು ಮುಗಿಸಿ, “ಮಿಸ್ ವಿಶಾಲಾಕ್ಷಿ, ಸ್ವಲ್ಪ ಎದ್ದು ನಿಲ್ಲಿ” ಎಂದರು. ನಿಂತೆ.

“ಬೇರೆಯವರು ಯಾವಾಗಲೋ ಒಂದು ದಿನ ತಪ್ಪಿಸ್ತಾರೆ. ನೀವು ಹಾಗಲ್ಲ. ಪ್ರತಿ ತಿಂಗಳೂ ಸಾಲಾಗಿ ಮೂರು ದಿನ ಇಲ್ಲ. ಪ್ರಾಕ್ಟಿಕಲ್ಲುಗಳೂ ಅದರಲ್ಲೇ ಹೋಗ್ತಿವೆ. ಊರಿಗೆ ಹೋಗಿ ಬರೋ ಅಭ್ಯಾಸವಾ?”

ಹಿಂದಿನ ಬೆಂಚಿನಲ್ಲಿ ಯಾರೋ ಕೆಮ್ಮಿದರು. ಆಮೇಲೆ ಇನ್ನೊಬ್ಬರು. ಆಮೇಲೆ ಕ್ಲಾಸಿಗೆ ಕ್ಲಾಸೇ ಕೆಮ್ಮಿತು. ಅಕ್ಕತಂಗಿಯರ ಜೊತೆ ಬೆಳೆದ ಹುಡುಗರು ಅವರೆಲ್ಲ, ಅವರಿಗೆ ತಿಳಿಯದ್ದೇನಲ್ಲ. ತಿಳಿಯದವರು ಒಬ್ಬರೇ, ಕೇಳಿದವರು. ಗಿರಿಜ ಕೆಳಗಿನಿಂದ ನನ್ನ ಸೆರಗು ಜಗ್ಗಿದಳು. ನಾನು ನಿಂತೇ ಇದ್ದೆ.

“ಹೀಗೇ ಆದರೆ ಅಟೆಂಡೆನ್ಸ್ ಶಾರ್ಟೇಜ್ ಬರುತ್ತೆ, ಪರೀಕ್ಷೆಗೆ ಕೂರಿಸೋಲ್ಲ. ನಿಮ್ಮ ಗಾರ್ಡಿಯನ್ ಬಂದು ನನ್ನನ್ನ ಕಾಣಲಿ” ಎಂದರು. ಅವರ ದನಿಯಲ್ಲಿ ಒಂದಿಷ್ಟೂ ಕೊಂಕಿರಲಿಲ್ಲ. ಅದೇ ನನಗೆ ಇನ್ನೂ ಕಷ್ಟವಾಯಿತು. ಕೆಟ್ಟ ಮನುಷ್ಯನಾಗಿದ್ದರೆ ಬೈದುಕೊಳ್ಳಬಹುದಿತ್ತು.

ಮನೆಗೆ ಬಂದು ತುಂಗತ್ತೆಗೆ ಹೇಳಿದೆ. ಅವರು ಬತ್ತಿ ಹೊಸೆಯುವುದನ್ನು ಅಲ್ಲಿಗೇ ನಿಲ್ಲಿಸಿದರು. ಒಳಗೆ ಹೋಗಿ ಮಾವನಿಗೆ ಏನು ಹೇಳಿದರೋ, ಹೇಗೆ ಹೇಳಿದರೋ ಗೊತ್ತಿಲ್ಲ. ಮಾವ ಎರಡು ದಿನ ನನ್ನ ಮುಖ ನೋಡಲಿಲ್ಲ. ಮೂರನೆಯ ದಿನ ಜರಿಪೇಟ ಸುತ್ತಿ, ಶಾಲು ಹೊದ್ದು, ಕೊಡೆ ಹಿಡಿದು ನನ್ನ ಜೊತೆ ಹೊರಟರು. ದಾರಿಯುದ್ದಕ್ಕೂ ತುಟಿ ಅಲ್ಲಾಡುತ್ತಿತ್ತು. ಯಾವುದೋ ಸ್ತೋತ್ರ ಹೇಳಿಕೊಳ್ಳುತ್ತಿದ್ದಾರೆ ಎಂದುಕೊಂಡೆ. ಅಲ್ಲ, ವಾಕ್ಯ ಕಟ್ಟುತ್ತಿದ್ದರು.

ವಾಸುದೇವ ಸರ್ ಲ್ಯಾಬಿನ ಮುಂದಿನ ವರಾಂಡದಲ್ಲಿ ಸಿಕ್ಕಿದರು. ಪ್ರಾಕ್ಟಿಕಲ್ಲಿಗೆ ಬಂದ ಹುಡುಗರು ಗೋಡೆಗೆ ಒರಗಿ ನಿಂತಿದ್ದರು. ಮಾವ ಕೈಮುಗಿದು ಪರಿಚಯ ಹೇಳಿಕೊಂಡರು, ಗಂಟಲು ಸರಿಮಾಡಿಕೊಂಡರು. ಇಂಥ ವಿಷಯವನ್ನು ಕನ್ನಡದಲ್ಲಿ ಆಡುವುದು ಅವರಿಂದ ಈ ಜನ್ಮದಲ್ಲಿ ಸಾಧ್ಯವಿರಲಿಲ್ಲ. ಮರ್ಯಾದೆಯಾಗಿ ಆಡಬಹುದಾದ ಭಾಷೆಯೊಂದು ಅವರ ಬಳಿಯಿತ್ತು. “ಪ್ರತಿಮಾಸಂ ಸಾ ರಜಸ್ವಲಾ ಭವತಿ. ತ್ರಿರಾತ್ರಂ ಬಹಿಸ್ತಿಷ್ಠತಿ” ಎಂದರು.

“ಕ್ಷಮಿಸಿ ಸ್ವಾಮಿ, ನನ್ನದು ಸೆಕೆಂಡ್ ಲ್ಯಾಂಗ್ವೇಜ್ ಹಿಂದಿ. ತಿಳೀಲಿಲ್ಲ” ಎಂದರು ವಾಸುದೇವ ಸರ್.

ಮಾವ ಮೂವತ್ತು ವರ್ಷ ಪಾಠ ಮಾಡಿದವರು. ತಿಳಿಯಲಿಲ್ಲ ಎಂದ ವಿದ್ಯಾರ್ಥಿಗೆ ಏನು ಮಾಡಬೇಕೋ ಅದನ್ನೇ ಮಾಡಿದರು. ದನಿ ಏರಿಸಿ, ಒಂದೊಂದೇ ಪದ ಬಿಡಿಸಿ, ಪ್ರತಿ ಪದಕ್ಕೂ ಬೆರಳು ಮಡಚಿ, ಇಡೀ ವಾಕ್ಯವನ್ನು ಎರಡು ಸಲ ಹೇಳಿದರು.

ಅವರು ಮರೆತದ್ದು ಒಂದೇ. ಮಾರ್ಕ್ಸ್ ಚೆನ್ನಾಗಿ ಬೀಳುತ್ತದೆಂದು ನಮ್ಮ ಸೆಕ್ಷನ್ನಿನ ಮುಕ್ಕಾಲು ಪಾಲು ಹುಡುಗರು ತಗೊಂಡಿದ್ದ ಭಾಷೆ ಸಂಸ್ಕೃತ. ಅವರಲ್ಲಿ ಕೆಲವರು ಮಾವನ ಹತ್ತಿರವೇ ಶಬ್ದರೂಪ ಬಾಯಿಪಾಠ ಮಾಡಿದವರು. ಆ ವರಾಂಡದಲ್ಲಿ ಅರ್ಥವಾಗದೆ ನಿಂತಿದ್ದವರು ಮತ್ತೆ ಒಬ್ಬರೇ. ಪಾಪ, ಅವರು ಹುಡುಗರ ಕಡೆ ತಿರುಗಿ, “ಏನಯ್ಯ ಹೇಳ್ತಿರೋದು ಇವರು?” ಎಂದು ಕೇಳಿಬಿಟ್ಟರು.

ನಾನು ಅಲ್ಲಿಂದ ಓಡಿದೆ. ಹಿಂದಿನಿಂದ ಮಾವ “ವಿಶಾಲೂ” ಎಂದು ಕರೆದದ್ದು ಕೇಳಿಸಿತು.

ಮಾರನೆಯ ದಿನ ಲೇಡೀಸ್ ರೂಮಿನಿಂದ ಸಾಲಾಗಿ ಹೊರಟಾಗ ಯಾರೂ ‘ಕೊಕ್ ಕೊಕ್’ ಎನ್ನಲಿಲ್ಲ. ಮಾವನ ರಾಗದಲ್ಲೇ, ಪಾಠಶಾಲೆಯ ಮಕ್ಕಳು ಮಂತ್ರ ಹೇಳಿದ ಹಾಗೆ, “ಬಹಿಸ್ತಿಷ್ಠತಿ... ಬಹಿಸ್ತಿಷ್ಠತಿ”, ಹೊರಗೆ ಕೂರುತ್ತಾಳೆ, ಹೊರಗೆ ಕೂರುತ್ತಾಳೆ ಎಂದು ಗುನುಗಿದರು. ನನ್ನ ಮುಂದೆ ನಡೆಯುತ್ತಿದ್ದ ವಾಸುದೇವ ಸರ್ ಅವರ ಕತ್ತು ಕಿವಿಯವರೆಗೆ ಕೆಂಪಾಯಿತು. ಅಷ್ಟರೊಳಗೆ ಯಾರೋ ಅವರಿಗೆ ಬಿಡಿಸಿ ಹೇಳಿದ್ದರು.

ಆ ಶನಿವಾರ ಟ್ರಂಕು ತೆಗೆದುಕೊಂಡು ಜನ್ನಾಪುರಕ್ಕೆ ಬಂದುಬಿಟ್ಟೆ. ಅಪ್ಪ “ಏನಾಯ್ತು?” ಎಂದು ಕೇಳಿದರು. ಅಪ್ಪನಿಗೆ ಏನೆಂದು ಹೇಳಲಿ? “ಓದು ತಲೆಗೆ ಹತ್ತಲ್ಲ” ಎಂದೆ. ಅವರ ಮುಖ ಸಣ್ಣದಾದದ್ದು ಈಗಲೂ ಕಣ್ಣಿಗೆ ಕಟ್ಟಿದ ಹಾಗಿದೆ. ಕ್ವಾರ್ಟರ್ಸಿನ ತುಂಬ ‘ನನ್ನ ಮಗಳು ಕಾಲೇಜು’ ಎಂದು ಹೇಳಿಕೊಂಡು ಬಂದಿದ್ದವರು. ಅಮ್ಮನಿಗೆ ನಿಜ ಹೇಳಿದೆ. ಅಮ್ಮ ಕಣ್ಣೊರೆಸಿಕೊಂಡರು, ಅಣ್ಣನನ್ನು ಬೈದರು, ಆಮೇಲೆ ಒಲೆಯ ಮುಂದೆ ಬೆನ್ನು ಮಾಡಿ ಕೂತು ನಕ್ಕರು. ತಡೆದುಕೊಳ್ಳಲು ನೋಡಿದರು, ಆಗಲಿಲ್ಲ. ನನ್ನನ್ನು ಆ ನಗುವಿನಷ್ಟು ಯಾವುದೂ ನೋಯಿಸಲಿಲ್ಲ.

ದಸರಾ ಮುಗಿದು ಕಾಲೇಜು ಶುರುವಾಯಿತು. ನಾನು ಹೋಗಲಿಲ್ಲ. ಒಂದು ಮಧ್ಯಾಹ್ನ ಬಾಗಿಲ ಮುಂದೆ ತುಂಗತ್ತೆ ನಿಂತಿದ್ದರು. ಕೋಟೆ ಬಿಟ್ಟು ಎಲ್ಲಿಗೂ ಹೋಗದ ತುಂಗತ್ತೆ, ಬಸ್ಸಿನಲ್ಲಿ ಕಂಡಕಂಡವರ ಪಕ್ಕ ಕೂತು, ಒಬ್ಬರೇ ಬಂದಿದ್ದರು. ಬಿಸಿಲಿಗೆ ತುಟಿ ಒಣಗಿತ್ತು. ಅಮ್ಮ ನೀರು ತಂದರೆ “ಬೇಡ” ಎಂದರು, ನಮ್ಮದು ನಲ್ಲಿ ನೀರು. ಒಳಗೂ ಬರಲಿಲ್ಲ.

“ಹೊರಡು” ಎಂದರು ನನಗೆ.

“ಹುಡುಗರು ಆಡ್ಕೋತಾರೆ ಅತ್ತೆ.”

“ಆಡ್ಕೊಳ್ಲಿ. ನಾಲಿಗೆ ಅವರದು. ನಮ್ಮ ಮನೇಲಿದ್ದ ಹುಡುಗಿ ಓದು ಬಿಟ್ಟು ಬಂದ್ಲು ಅನ್ನೋ ಮಾತು ನನಗೆ ಬೇಡ. ನಾನು ಮೂರನೇ ಕ್ಲಾಸಿಗೆ ಬಿಟ್ಟೋಳು. ಯಾಕೆ ಬಿಟ್ಟೆ ಅಂತ ಒಬ್ಬರೂ ಕೇಳ್ಲಿಲ್ಲ.”

“ಹಾಗಿದ್ರೆ ಆ ಮೂರು ದಿನ ಕಾಲೇಜಿಗೆ ಕಳಿಸ್ತೀರಾ?”

“ಅದಾಗಲ್ಲ” ಎಂದರು, ಕ್ಷಣವೂ ಯೋಚಿಸದೆ.

ಹೇಗೆ ಹೊರಟೆನೋ ಹೊರಟೆ. ಬಸ್ಸಿನಲ್ಲಿ ಅವರು ಕಿಟಕಿಯ ಕಡೆ ಮುಖ ಮಾಡಿ ಕೂತಿದ್ದರು. ಊರು ಮುಟ್ಟುವ ತನಕ ಒಂದು ಹನಿ ನೀರು ಕುಡಿಯಲಿಲ್ಲ.

ಕಾಲೇಜಿನಲ್ಲಿ ವಾಸುದೇವ ಸರ್ ಒಂದು ದಾರಿ ಹುಡುಕಿದ್ದರು. ಪ್ರಿನ್ಸಿಪಾಲರನ್ನು ಕಂಡು, ಹಿಂದೆ ಬಿದ್ದವರಿಗೆಲ್ಲ ಎಂಬ ನೆಪದಲ್ಲಿ ಶನಿವಾರ ಮಧ್ಯಾಹ್ನ ಬಿಟ್ಟುಹೋದ ಪ್ರಾಕ್ಟಿಕಲ್ ಮಾಡಿಸತೊಡಗಿದರು. ಬರುತ್ತಿದ್ದವಳು ನಾನೊಬ್ಬಳೇ, ಗಿರಿಜ ನನಗೆ ಜೊತೆಗೆಂದು ಬಂದು ಕೂತು ಹುರಿಗಡಲೆ ತಿನ್ನುತ್ತಿದ್ದಳು. ಸರ್ ಲ್ಯಾಬಿನ ಆ ತುದಿಯಲ್ಲಿ ಕಿಟಕಿಗೆ ಮುಖ ಮಾಡಿ ನಿಂತು, ಬಾಟಲಿಗಳಿಗೆ ಪಾಠ ಹೇಳಿದ ಹಾಗೆ ಹೇಳುತ್ತಿದ್ದರು. ವರ್ಷ ಮುಗಿಯುವವರೆಗೂ ಅವರು ನಮ್ಮ ಬೆಂಚಿನ ಕಡೆ ಕಣ್ಣೆತ್ತಲಿಲ್ಲ. ಅವರ ನಾಚಿಕೆ ನನ್ನದಕ್ಕಿಂತ ದೊಡ್ಡದಾಗಿತ್ತು ಎಂದು ಈಗ ಅನ್ನಿಸುತ್ತದೆ. ಆಗ ನನಗೆ ನನ್ನದೇ ಸಾಕಾಗಿತ್ತು. ಹುಡುಗರು ಸಂಕ್ರಾಂತಿಯ ಹೊತ್ತಿಗೆ ಆ ಆಟಕ್ಕೆ ಬೇಸತ್ತು ಮತ್ತೆ ‘ಕೊಕ್ ಕೊಕ್’ಗೇ ಇಳಿದರು.

ಹಾಜರಿ ಹೇಗೋ ಕೂಡಿಬಂತು. ಹಾಲ್ ಟಿಕೆಟ್ ಕೈಗೆ ಬಂತು. ಪರೀಕ್ಷೆಯ ವೇಳಾಪಟ್ಟಿ ನೋಡಿ ಬೆರಳು ಮಡಚಿ ಲೆಕ್ಕ ಹಾಕಿದೆ, ಎಲ್ಲ ಪೇಪರುಗಳೂ ನಡುವಿನ ದಿನಗಳಲ್ಲೇ ಬರುತ್ತಿದ್ದವು. ದೇವರು ದೊಡ್ಡವನು ಎಂದುಕೊಂಡೆ.

ಆದರೆ ಹೆದರಿಕೆಯೋ, ನಿದ್ದೆಗೆಟ್ಟದ್ದೋ, ಕೆಮಿಸ್ಟ್ರಿ ಪೇಪರಿನ ದಿನ ಬೆಳಕು ಹರಿಯುವಾಗ ಹಿತ್ತಿಲಿಗೆ ಹೋದವಳು ಬಚ್ಚಲ ಗೋಡೆ ಹಿಡಿದು ನಿಂತುಬಿಟ್ಟೆ. ತುಂಗತ್ತೆ ಒದ್ದೆ ಸೀರೆಯಲ್ಲಿ ಮಡಿನೀರು ಸೇದುತ್ತಿದ್ದರು. ನನ್ನ ಮುಖ ನೋಡಿದರು. ಅವರಿಗೆ ಗೊತ್ತಾಯಿತು. ಕೊಡವನ್ನು ಬಾವಿಕಟ್ಟೆಯ ಮೇಲಿಟ್ಟು ಹಾಗೇ ನಿಂತರು. ಒಳಗೆ ಮಾವ ಪೂಜೆಗೆ ಕೂರುವ ಮುಂಚಿನ ಶ್ಲೋಕ ಹೇಳುತ್ತಿದ್ದರು. ನನಗೆ ಅಳುವೂ ಬರಲಿಲ್ಲ. ಒಂದು ವರ್ಷದ್ದೆಲ್ಲ ಆ ಗೋಣಿಚೀಲದ ಮೇಲೆ ಕೂತು ಮುಗಿಯುತ್ತದೆ ಎಂದು ಗೊತ್ತಾಗಿಹೋಯಿತು.

ಅತ್ತೆ ಒಳಗೆ ಹೋದರು. ಬರುವಾಗ ಅವರ ಕೈಯಲ್ಲಿ ನನ್ನ ಇನ್ನೊಂದು ಸೀರೆ, ಪೆನ್ನು, ಹಾಲ್ ಟಿಕೆಟ್. ಎಲ್ಲವನ್ನೂ ಒಗೆಯುವ ಕಲ್ಲಿನ ಮೇಲಿಟ್ಟರು.

“ಹಿತ್ತಿಲ ಬಾಗಿಲಿಂದ ಹೋಗು. ಮಾವನ ಕಣ್ಣಿಗೆ ಬೀಳ್ಬೇಡ.”

“ಅತ್ತೆ...”

“ಹೊತ್ತಾಗುತ್ತೆ, ಹೋಗೇ.”

ನಾನು ಸೀರೆ ಬದಲಾಯಿಸಿ ಹೊರಡುವಾಗ “ನಿಲ್ಲು” ಎಂದರು. ಕುಂಕುಮದ ಬಟ್ಟಲು ತಂದಿದ್ದರು. ಪರೀಕ್ಷೆಗೆ ಹೋಗುವ ಮಕ್ಕಳನ್ನು ಬರಿ ಹಣೆಯಲ್ಲಿ ಕಳಿಸುವುದು ಆ ಮನೆಯಲ್ಲಿಲ್ಲ. ಕಲ್ಲಿನ ಮೇಲಿಡುತ್ತಾರೆ, ನಾನೇ ಇಟ್ಟುಕೊಳ್ಳಬೇಕು ಎಂದು ಕಾಯುತ್ತಿದ್ದೆ. ಅವರು ಕಲ್ಲು ದಾಟಿ ಬಂದು, ತಣ್ಣಗಿನ ಬೆರಳಿನಿಂದ ನನ್ನ ಹಣೆಗೆ ತಾವೇ ಕುಂಕುಮವಿಟ್ಟರು. ಆಮೇಲೆ ತಿರುಗಿ ಬಾವಿಗೆ ಮತ್ತೆ ಕೊಡ ಬಿಟ್ಟರು. ಆ ದಿನ ಮನೆಯಲ್ಲಿ ಏನೇನು ತೊಳೆದರೋ, ಮಾವನಿಗೆ ಏನು ಹೇಳಿ ಬಡಿಸಿದರೋ ನನಗೆ ತಿಳಿಯದು. ನಾನು ವಾಪಸು ಬಂದಾಗ ಅವರು ಮಾತ್ರ ಊಟ ಮಾಡಿರಲಿಲ್ಲ.

ಪಾಸಾದೆ. ಡಿಗ್ರಿಯಾಯಿತು, ಮೈಸೂರಿನಲ್ಲಿ ಎಂ.ಎಸ್ಸಿ. ಆಯಿತು, ಆಸೆಪಟ್ಟ ಹಾಗೆ ಕೆಮಿಸ್ಟ್ರಿ ಲೆಕ್ಚರರ್ ಆದೆ. ಕೆಲಸ ಸಿಕ್ಕ ಹೊಸತರಲ್ಲಿ ಗಣೇಶನ ಹಬ್ಬಕ್ಕೆ ಕೋಟೆಗೆ ಹೋದೆ. ಮರುದಿನ ಋಷಿಪಂಚಮಿ. ಮುಟ್ಟಿನ ದಿನಗಳಲ್ಲಿ ತಿಳಿದೋ ತಿಳಿಯದೆಯೋ ಆದ ತಪ್ಪು ಕಳೆಯಲೆಂದು ವಯಸ್ಸಾದ ಹೆಂಗಸರು ಹಿಡಿಯುವ ವ್ರತ ಅದು. ಕಂತೆಗಟ್ಟಲೆ ಉತ್ತರಣೆ ಕಡ್ಡಿಯಲ್ಲಿ ಹಲ್ಲುಜ್ಜಬೇಕು, ತಣ್ಣೀರು ಮೀಯಬೇಕು, ನೇಗಿಲು ಮುಟ್ಟಿದ ನೆಲದಲ್ಲಿ ಬೆಳೆದದ್ದನ್ನು ತಿನ್ನಬಾರದು. ತುಂಗತ್ತೆ ಆ ಹಿತ್ತಿಲ ಕಲ್ಲಿನ ಮೇಲೆ ಕೂತು, ವಸಡಿನಲ್ಲಿ ರಕ್ತ ಬರುತ್ತಿದ್ದರೂ ಬಿಡದೆ ಒಂದೊಂದೇ ಕಡ್ಡಿ ಉಜ್ಜಿ ಬಿಸಾಡುತ್ತಿದ್ದರು. ಸೆರಗಿನ ತುಂಬ ಅದರ ಬೀಜ.

ನನಗೆ ಹೊಸ ಕೆಲಸದ ಗರ್ವ. ನಗುತ್ತಲೇ ಶುರುಮಾಡಿದೆ. ರಕ್ತವೆಂದರೇನು, ದೇಹವೆಂದರೇನು, ಮೈಲಿಗೆಯೆಂಬುದು ಯಾವ ಲ್ಯಾಬಿನಲ್ಲೂ ಸಿಗುವ ವಸ್ತುವಲ್ಲ ಎಂದು ಕ್ಲಾಸಿನಲ್ಲಿ ಹೇಳುವ ಹಾಗೆ ಹೇಳಿದೆ. ಅವರು ಬಾಯಿ ಮುಕ್ಕಳಿಸಿ ಕೇಳಿಸಿಕೊಂಡರು.

“ಅಲ್ಲ ಅತ್ತೆ, ನಾನು ಇಲ್ಲಿಗೆ ಬರೋ ಮುಂಚೇನೇ ನಿಮ್ಮ ವ್ರತದ ಉದ್ಯಾಪನೆ ಆಗಿತ್ತು ಅಂತ ಅಮ್ಮ ಹೇಳ್ತಿದ್ರು. ಮುಗಿದಿದ್ದನ್ನ ಮತ್ತೆ ಯಾಕೆ ಹಿಡಿದ್ರಿ?”

“ಅದು ನಂದು, ಮುಗೀತು” ಎಂದರು. “ಇದು ನಿಂದು. ಪರೀಕ್ಷೆ ದಿನದ್ದು. ಆವತ್ತಿಂದ ಹಿಡಿದಿದೀನಿ. ನೀನು ಓದಿದೋಳು, ಇದನ್ನೆಲ್ಲ ಮಾಡೋಳಲ್ಲ. ನಿನ್ನ ಕೈಲಿ ಪಾಠ ಕಲಿಯೋ ಮಕ್ಕಳಿಗೆ ಏನೂ ತಟ್ಟಬಾರ್ದು ನೋಡು.”

ಅಷ್ಟು ಹೇಳಿ ಇನ್ನೊಂದು ಕಡ್ಡಿ ತೆಗೆದುಕೊಂಡರು.

ಕ್ಲಾಸಿನ ನಡುವೆ ನಿಂತ ದಿನ, ವರಾಂಡದಿಂದ ಓಡಿದ ದಿನ, ಅಮ್ಮ ನಕ್ಕ ದಿನ, ಆ ವರ್ಷದ ನಾಚಿಕೆಗಳನ್ನೆಲ್ಲ ಎಂದೋ ಕೊಡವಿಕೊಂಡಿದ್ದೇನೆ. ಈಗ ಅವನ್ನು ಮೊಮ್ಮಕ್ಕಳಿಗೆ ಕಥೆಯಾಗಿ ಹೇಳಿ ನಗಿಸುತ್ತೇನೆ. ಋಷಿಪಂಚಮಿಯ ಆ ಬೆಳಿಗ್ಗೆ ಹಿತ್ತಿಲಲ್ಲಿ ನಿಂತು ತುಂಗತ್ತೆಗೆ ಪಾಠ ಹೇಳಿದ್ದನ್ನು ಮಾತ್ರ ಯಾರಿಗೂ ಹೇಳಿಲ್ಲ. ಮಗಳ ಮನೆ ಬಂದಾಗ ಆಟೋದವನು ತಿರುಗಿ, “ಇಳೀರಿ ಅಮ್ಮ, ಮನೆ ಬಂತು” ಎಂದ. ನಾನು ಇನ್ನೂ ಸೀರೆಯ ಅಂಚು ಹಿಡಿದುಕೊಂಡು ಕೂತಿದ್ದೆ.